ಬೈಕಿಗೆ ಟ್ರೇಲರ್ ಕಟ್ಟುವ ಮೊದಲು ಮೂಕಿಯ ಭಾರ ನೋಡಿ

ಪೆರ್ಲದಿಂದ ಬದಿಯಡ್ಕಕ್ಕೆ ಬರುವಾಗ ಒಂದು ಇಳಿಜಾರಿನಲ್ಲಿ ನನ್ನ ಮುಂದೆ ಒಂದು ಬೈಕು ಹೋಗುತ್ತಿತ್ತು. ಹಿಂದೆ ಸಣ್ಣ ಟ್ರೇಲರ್, ಅದರಲ್ಲಿ ತೆಂಗಿನಕಾಯಿ ಗೋಣಿಗಳು. ಇಳಿಸಲು ಸುಲಭವಾಗಲಿ ಅಂತ ಎಲ್ಲವನ್ನೂ ಹಿಂಬದಿಗೇ ಒತ್ತಿ ಇಟ್ಟಿದ್ದರು. ವೇಗ ಸಿಕ್ಕಿದ್ದೇ ತಡ, ಟ್ರೇಲರ್ ಮೀನಿನ ಬಾಲದ ಹಾಗೆ ಅತ್ತಿತ್ತ ಬಡಿಯಲು ಶುರುವಾಯಿತು. ಸವಾರ ಗಾಬರಿಯಲ್ಲಿ ಬ್ರೇಕ್ ಒತ್ತಿದರು, ಬೈಕು ಚರಂಡಿಗೆ ಇಳಿಯಿತು. ಪುಣ್ಯಕ್ಕೆ ಮೊಣಕೈ ತರಚಿದ್ದು ಮಾತ್ರ.

ಮೊದಲು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ವಾಹನವೇ. ಹಾಗಾಗಿ ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ.

ಆಮೇಲೆ ಕೊಂಡಿ. ಇದನ್ನು ಬೈಕಿನ ಚಾಸಿಗೆ ಬೋಲ್ಟ್ ಹಾಕಿ ಕೂರಿಸಬೇಕು, ಕ್ಯಾರಿಯರ್‌ಗೋ ಮಡ್‌ಗಾರ್ಡ್‌ಗೋ ಅಲ್ಲ. ತಿರುವಿನಲ್ಲಿ ಬೈಕು ವಾಲುತ್ತದೆ, ಟ್ರೇಲರ್ ವಾಲುವುದಿಲ್ಲ, ಅಲ್ವಾ? ಅದಕ್ಕೇ ಬೈಕಿನ ಕೊಂಡಿ ಸುತ್ತಲೂ ತಿರುಗುವಂಥದ್ದೇ ಆಗಬೇಕು. ಗೂಡ್ಸ್ ಆಟೋಗೆ ಸಾದಾ ಗುಂಡಿನ ಕೊಂಡಿ ಸಾಕು. ಕಬ್ಬಿಣದ ಸರಳು ಬಗ್ಗಿಸಿ, ತೂತಿಗೆ ಪಿನ್ನು ತೂರಿಸಿ ಕೊಡುವ ಅಗ್ಗದ ಕೊಂಡಿಯನ್ನು ಸುಮ್ನೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಚಕ್ರವೂ ಅಷ್ಟೇ. ಕೈಗಾಡಿಯ ಚಕ್ರ ಮುರಕಲ್ಲು ಹೊರಲು ಸರಿ, ರಸ್ತೆಗಲ್ಲ. ನಾನು ಹೇಳುವುದು ಸ್ಕೂಟರಿನ 10 ಇಂಚಿನ ಚಕ್ರ. ಟೈರು ಎಲ್ಲಿ ಬೇಕಾದರೂ ಸಿಗುತ್ತದೆ.

ಇನ್ನು ಎಲ್ಲರೂ ತಪ್ಪುವ ಜಾಗ, ಭಾರ ಹೇರುವುದು. ಎತ್ತಿನಗಾಡಿ ಹೂಡುತ್ತಿದ್ದ ಹಿರಿಯರನ್ನು ಕೇಳಿ ನೋಡಿ. ಹಿಂಭಾರವಾದರೆ ಮೂಕಿ, ಅಂದರೆ ಗಾಡಿಯ ಮುಂದೆ ಚಾಚಿದ ದಂಡ, ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಹೋಗುತ್ತದೆ. ಇಲ್ಲೂ ಅದೇ ಲೆಕ್ಕ. ಟ್ರೇಲರ್ ಮತ್ತು ಸಾಮಾನು ಸೇರಿ ಎಷ್ಟು ತೂಕವೋ ಅದರ 10ರಿಂದ 15 ಶೇಕಡ ಮೂಕಿಯ ತುದಿಯಲ್ಲಿ, ಅಂದರೆ ಕೊಂಡಿಯ ಮೇಲೆ ಕೂರಬೇಕು. ಒಟ್ಟು ತೂಕ ಬೈಕಿನ ತೂಕದ ಅರ್ಧ ದಾಟಬಾರದು. ಬೈಕು 190 ಕಿಲೋ ಅಂದುಕೊಳ್ಳಿ, ಟ್ರೇಲರ್ ಸಾಮಾನು ಸಮೇತ 95 ಕಿಲೋ. ಆಗ ಮೂಕಿಯ ಮೇಲೆ 10ರಿಂದ 14 ಕಿಲೋ ಬರಬೇಕು.

ಅಳೆಯುವುದು ಸುಲಭ. ಮೈತೂಕ ನೋಡುವ ಯಂತ್ರವನ್ನು ಅಂಗಳದಲ್ಲಿಡಿ. ಅದರ ಮೇಲೆ ಒಂದು ಮರದ ತುಂಡು ನಿಲ್ಲಿಸಿ, ಬೈಕಿನ ಕೊಂಡಿ ಇರುವಷ್ಟೇ ಎತ್ತರಕ್ಕೆ. ಸಾಮಾನು ಹೇರಿದ ಟ್ರೇಲರಿನ ಮೂಕಿಯನ್ನು ಅದರ ಮೇಲೆ ಕೂರಿಸಿ ಮುಳ್ಳು ನೋಡಿ, ಮರದ ತುಂಡಿನ ತೂಕ ಕಳೆಯಿರಿ. ಕಡಿಮೆ ಬಂತೇ? ಒಂದು ಗೋಣಿಯನ್ನು ಒಂದು ಗೇಣು ಮುಂದೆ ಎಳೆದು ಮತ್ತೆ ನೋಡಿ. ಜಾಸ್ತಿ ಬಂದರೆ ಬೈಕಿನ ಹಿಂಭಾಗ ಕುಸಿದು ಹ್ಯಾಂಡಲ್ ಹಗುರವಾಗುತ್ತದೆ, ಅದೂ ಅಪಾಯವೇ, ಗೋಣಿ ಹಿಂದೆ ಸರಿಸಿ. ಭಾರದ ಸಾಮಾನು ಆಕ್ಸಲಿನ ಮೇಲೆ, ಚೂರು ಮುಂದೆ, ತಳದಲ್ಲೇ ಇರಲಿ. ತೆಂಗಿನಕಾಯಿಯನ್ನು ಬಿಡಿಬಿಡಿಯಾಗಿ ಸುರಿಯಬೇಡಿ, ಏರಿನಲ್ಲಿ ಎಲ್ಲ ಹಿಂದಕ್ಕೆ ಉರುಳಿ ನೀವು ಮಾಡಿದ ಲೆಕ್ಕ ತಲೆಕೆಳಗಾಗುತ್ತದೆ. ಹಗ್ಗ ಅಡ್ಡಡ್ಡ ಬಿಗಿಯಿರಿ. ಪೊಸಡಿ ಗುಂಪೆ ಬೆಟ್ಟಕ್ಕೆ ಟೆಂಟ್ ಟ್ರೇಲರ್ ಕಟ್ಟಿಕೊಂಡು ಹೋಗುವವರಿಗೂ ಇದೇ ಮಾತು, ನೀರಿನ ಕ್ಯಾನು ಯಾವತ್ತೂ ಹಿಂದೆ ಬೇಡ.

ಎರಡು ಸರಪಳಿ ಮೂಕಿಯ ಅಡಿಯಲ್ಲಿ ಒಂದರ ಮೇಲೊಂದು ಅಡ್ಡ ಹಾದುಹೋಗಲಿ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬಡಿಯದೆ ಸರಪಳಿಯ ಮೇಲೆ ಕೂರುತ್ತದೆ. ದೀಪಕ್ಕೆ ಅರ್ತ್ ವಯರ್ ಬೇರೆಯೇ ಎಳೆಸಿ. ಕೊಂಡಿಯ ಮೂಲಕವೇ ಅರ್ತ್ ಸಿಗುತ್ತದೆ ಎಂದು ಬಿಟ್ಟರೆ ಗ್ರೀಸ್ ಹಚ್ಚಿದ ದಿನ ದೀಪ ಮಿಣಮಿಣ ಅನ್ನುತ್ತದೆ.

ಓಡಿಸುವಾಗ ನೆನಪಿಡಿ, ಹಿಂದಿನ ಭಾರಕ್ಕೂ ಬೈಕಿನ ಬ್ರೇಕೇ ಗತಿ. ತಿರುವಿಗೆ ಮೊದಲೇ ವೇಗ ಇಳಿಸಿ, ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿರಿ. ಟ್ರೇಲರ್ ಬಾಲ ಬಡಿಯತೊಡಗಿದರೆ ಬ್ರೇಕ್ ಒತ್ತಬೇಡಿ, ಹ್ಯಾಂಡಲ್ ನೇರ ಹಿಡಿದು ಆಕ್ಸಿಲೇಟರ್ ಮೆಲ್ಲ ಬಿಡಿ.

ಐದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಟ್ರೇಲರಿನ ಎರಡೂ ಚಕ್ರದ ಗುಂಬ, ಅಂದರೆ ನಡುಭಾಗ, ಮುಟ್ಟಿ ನೋಡಿ. ಸಣ್ಣ ಚಕ್ರ ಬೈಕಿನ ಚಕ್ರಕ್ಕಿಂತ ಜಾಸ್ತಿ ಸುತ್ತುತ್ತದೆ. ಬಿಸಿ ಕೈಗೆ ತಾಳದಿದ್ದರೆ ಬೇರಿಂಗಿನಲ್ಲಿ ಏನೋ ತೊಂದರೆ ಇದೆ, ಗ್ರೀಸ್ ಇಲ್ಲದಿರಬಹುದು, ಅಲ್ಲಿಂದ ಮುಂದೆ ಹೋಗಬೇಡಿ.