ಕ್ಲೈಂಟ್ ಜಾಗಕ್ಕೇ ಬರ್ರಿ ಅಂದಾಗ ಎಷ್ಟು ಚಾರ್ಜ್ ಹೇಳ್ಬೇಕು

"ಸುಮ್ನೆ ಬಂದು ಒಂದ್ಸಲ ನೋಡಿ ಹೋಗ್ರಿ, ಎರಡೇ ನಿಮಿಷದ ಕೆಲ್ಸ" ಅಂತ ಫೋನ್ ಬಂದ್ರೆ ಬೈಕ್ ಕೀ ಕೈಗೆ ತಗೊಳ್ಳೋಕ್ಕಿಂತ ಮುಂಚೆನೇ ರೇಟ್ ಹೇಳ್ಬಿಡ್ರಿ. ಟ್ಯಾಲಿ (ಲೆಕ್ಕ ಇಡೋ ಸಾಫ್ಟ್‌ವೇರ್), ಬಿಲ್ಲಿಂಗ್ ಪ್ರಿಂಟರ್, ಸಿಸಿಟಿವಿ, ವೆಬ್‌ಸೈಟ್, ಏನೇ ಕೆಲ್ಸ ಇರ್ಲಿ, ಅಂಗಡಿ ಒಳಗೆ ಕೂತು ಟೀ ಕುಡಿದ್ಮೇಲೆ ದುಡ್ಡಿನ ಮಾತು ಬಾಯಿಗೇ ಬರಲ್ಲ.

ದಾವಣಗೆರೆ ಊರೊಳಗೆ ಆದ್ರೆ ಕಿಲೋಮೀಟರ್ ಲೆಕ್ಕ ಬೇಡ, ತಲೆನೋವು. ವಿದ್ಯಾನಗರ ಆಗ್ಲಿ ಮಂಡಿಪೇಟೆ ಆಗ್ಲಿ ಒಂದೇ ವಿಸಿಟ್ ಚಾರ್ಜ್ ಇಡ್ರಿ, ಮೊದಲ್ನೇ ಒಂದು ಗಂಟೆ ಕೆಲ್ಸ ಅದ್ರಲ್ಲೇ ಸೇರಿರ್ಲಿ, ಆಮೇಲೆ ಗಂಟೆ ಲೆಕ್ಕ.

ಊರು ದಾಟಿದ್ರೆ ಕಥೆ ಬೇರೆ. "ಪೆಟ್ರೋಲ್ ಕೊಡ್ತೀವಿ ಬರ್ರಿ" ಅಂತಾರೆ, ಒಪ್ಕೊಬೇಡ್ರಿ. ಚಿತ್ರದುರ್ಗಕ್ಕೆ ಅಂದಾಜು 60 ಕಿಲೋಮೀಟರ್, ಹೋಗಿ ಬರೋಕೆ 120, ಬೈಕ್ 45 ಮೈಲೇಜ್ ಕೊಟ್ರೆ ಮೂರು ಲೀಟರ್ ಒಳಗೇ ಆಗುತ್ತೆ, ಸುಮಾರು 300 ರೂಪಾಯಿ. ಆದ್ರೆ ರೋಡಲ್ಲೇ ಮೂರು ಗಂಟೆ ಹೋಯ್ತಲ್ಲ, ಅದಕ್ಕೆ ಯಾರು ಕೊಡೋರು? ನಿಮ್ಮ ಗಂಟೆ ರೇಟ್ 300 ಅಂದ್ಕೊಳ್ರಿ, ಪ್ರಯಾಣದ ಟೈಮಿಗೆ ಅರ್ಧ ಹಾಕಿದ್ರೂ 450, ಎರಡು ಗಂಟೆ ಕೆಲ್ಸಕ್ಕೆ 600, ಪೆಟ್ರೋಲ್ ಸೇರಿ 1350. ಹರಿಹರ ಹತ್ರಾನೇ, 14 ಕಿಲೋಮೀಟರ್, ಆದ್ರೂ ಊರೊಳಗಿನ ರೇಟಲ್ಲಿ ಹೋಗ್ಬೇಡ್ರಿ. ಅದೇ ಕಡೆ ಇನ್ನೊಬ್ಬ ಕ್ಲೈಂಟ್ ಇದ್ರೆ ಒಂದೇ ದಿನ ಇಬ್ರಿಗೂ ಟೈಮ್ ಕೊಟ್ಟು ಪ್ರಯಾಣದ ಖರ್ಚು ಹಂಚಿಬಿಡ್ರಿ, ಇಬ್ರೂ ಖುಷಿ.

ಫೋನಲ್ಲಿ ಮಾತಾಡಿದ್ಮೇಲೆ ವಾಟ್ಸಾಪಲ್ಲಿ ಒಂದು ಮೆಸೇಜ್ ಹಾಕ್ಲೇಬೇಕು. ಹಿಂಗೆ ಸಾಕು: "ಸಾರ್, ನಾಳೆ 11ಕ್ಕೆ ಬರ್ತೀನಿ. ವಿಸಿಟ್ ಚಾರ್ಜ್ 400, ಒಂದು ಗಂಟೆ ಕೆಲ್ಸ ಸೇರಿ. ಸಾಮಾನು ಬೇಕಾದ್ರೆ ಅದರ ರೇಟ್ ಬೇರೆ. ಕರೆಂಟ್ ಇಲ್ಲದೆ ಅಥವಾ ನಿಮ್ಮವರು ಬರೋದು ಲೇಟಾಗಿ ಕಾದ್ರೆ ಆ ಟೈಮೂ ಸೇರುತ್ತೆ. ಓಕೆ ಅಂದ್ರೆ ರಿಪ್ಲೈ ಮಾಡ್ರಿ." ಕಾಯೋ ವಿಷ್ಯ ಬರೀದೇ ಬಿಡ್ಬೇಡ್ರಿ, ರೈಸ್ ಮಿಲ್ಲಲ್ಲಿ ಮಾಲೀಕರು ಬರೋ ತನಕ ಪಾಸ್‌ವರ್ಡೇ ಸಿಗಲ್ಲ, ಗುಮಾಸ್ತರ ಮುಖ ನೋಡ್ಕೊಂಡು ಕೂರ್ಬೇಕಷ್ಟೆ.

ನಾವು ಮಾಡಿದ ಕೆಲ್ಸನೇ ಕೆಟ್ಟಿದ್ರೆ ಎರಡನೇ ಸಲ ಫ್ರೀ ಹೋಗ್ಬೇಕು, ಅದು ನ್ಯಾಯ. ಹೊಸ ಕೆಲ್ಸ ಸೇರಿಸಿದ್ರೆ ಹೊಸ ಚಾರ್ಜ್. ಪದೇ ಪದೇ ಕರೆಯೋರಿಗೆ ತಿಂಗಳಿಗೆ ಇಷ್ಟು ಅಂತ ಫಿಕ್ಸ್ ಮಾಡಿ, ಅದ್ರಲ್ಲಿ ಎರಡು ವಿಸಿಟ್ ಅನ್ರಿ.

ವರ್ಷದ ವಹಿವಾಟು 20 ಲಕ್ಷ ದಾಟಿ ಜಿಎಸ್‌ಟಿ ಮಾಡಿಸಿರೋರು ಒಂದು ನೋಡ್ಕೊಳ್ರಿ, ಬಿಲ್ಲಲ್ಲಿ ಪ್ರಯಾಣ ಅಂತ ಬೇರೆ ಸಾಲು ಬರೆದ್ರೂ ನಿಮ್ಮ ಸರ್ವಿಸಿಗಿರೋ 18% ಅದಕ್ಕೂ ಬೀಳುತ್ತೆ, ರೇಟ್ ಹೇಳೋವಾಗ್ಲೇ ಸೇರಿಸಿ ಹೇಳ್ರಿ.

ದುಡ್ಡು ಅಲ್ಲೇ ಫೋನ್‌ಪೇ ಮಾಡಿಸ್ಕೊಂಡೇ ಎದ್ದೇಳ್ರಿ. "ಸೋಮವಾರ ಬಂದು ಇಸ್ಕೊಂಡೋಗ್ರಿ" ಅಂತಾರೆ, ಆ ಓಡಾಟಕ್ಕೆ ಯಾರೂ ವಿಸಿಟ್ ಚಾರ್ಜ್ ಕೊಡಲ್ಲ.