9.30 ಅಂತ ಹೊಡೆದರೂ ಸರಿ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟಕ್ಕೆ ಹಾಜರಿ ಪ್ರೋಗ್ರಾಂ ಬರೆದುಕೊಟ್ಟೆ. ಭಾಷೆ ಜಾವಾ, ಸ್ಕ್ರೀನಿನ ಬಾಕ್ಸು ಬಟನ್ನಿಗೆ ಅದರದೇ ಸ್ವಿಂಗ್. ಹಳೇ ಪಿಸಿ, ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಡೆಸ್ಕ್‌ಟಾಪ್. 18 ಸಾವಿರಕ್ಕೆ ಮಾತಾಗಿತ್ತು. ಸಂಬಳದ ಲೆಕ್ಕ, ಪ್ರಿಂಟು, ಬ್ಯಾಕಪ್ ಎಲ್ಲ ಹತ್ತು ದಿನದಲ್ಲಿ ಮುಗಿಯಿತು. ಆಳು ಬಂದ ಟೈಮು, ಹೋದ ಟೈಮು ಅನ್ನುವ ಎರಡು ಪುಟ್ಟ ಬಾಕ್ಸುಗಳು ಮಾತ್ರ ಹತ್ತಿರ ಹತ್ತಿರ ಎರಡು ತಿಂಗಳು ತಿಂದವು.

ಮೊದಲು ಎಲ್ಲರಂತೆ, ಬಾಕ್ಸಿಗೆ ಅಚ್ಚು ಕೊಡುವ ಮಾಸ್ಕ್‌ಫಾರ್ಮ್ಯಾಟರ್ ಹಾಕಿದೆ. ಅಂಕಿಗೊಂದರಂತೆ ನಾಲ್ಕು ಹ್ಯಾಶ್, ನಡುವೆ ಕೋಲನ್. ಅದಕ್ಕೆ ಅಂಕಿ ಬಂದರೆ ಸಾಕು, 99:99 ಕೂಡ ಟೈಮೇ. ಹಾಜರಿ ಬರೆಯುವ ತೋಟದ ರೈಟರ್ 930 ಅಂತ ಹೊಡೆದರೆ 93:0 ಆಗಿ ನಿಂತುಬಿಡುತ್ತಿತ್ತು.

ಅದನ್ನು ಕಿತ್ತು, ಹೊಡೆದದ್ದನ್ನು ಟೈಮಾಗಿ ಓದುವ ಸಿಂಪಲ್‌ಡೇಟ್‌ಫಾರ್ಮ್ಯಾಟ್ ತಂದೆ. ಅದು ಇನ್ನೂ ಧಾರಾಳಿ. 17:75 ಕೊಟ್ಟರೆ ತಕರಾರಿಲ್ಲದೆ 18:15 ಮಾಡಿಕೊಳ್ಳುತ್ತದೆ. ಲೀನಿಯೆಂಟ್ ಅನ್ನುವ ಈ ಸಡಿಲ ಆಫ್ ಮಾಡಿದರೆ ಇದು ನಿಲ್ಲುತ್ತದೆ. ಆದರೆ 17:30ರ ಕೊನೆಗೆ ಏನೋ ಕಸ ಅಂಟಿಕೊಂಡಿದ್ದರೂ ಒಪ್ಪುತ್ತದೆ, ಶುರು ಸರಿಯಿದ್ದರೆ ಆಯಿತು. 24 ಗಂಟೆಯ ದೊಡ್ಡ ಎಚ್ (H) ಹಾಕುವಲ್ಲಿ 12 ಗಂಟೆಯ ಸಣ್ಣ ಎಚ್ (h) ಹಾಕಿ ಒಂದು ವಾರ ಒದ್ದಾಡಿದ್ದೂ ಉಂಟು. ಮಧ್ಯಾಹ್ನದ 12:30 ಹೋಗಿ ರಾತ್ರಿಯ 00:30 ಆಗಿ ಕೂತಿತ್ತು.

ದುಡ್ಡು ಹೋಗಿದ್ದು ಬೇರೆ ಕಡೆ. ಇವೆರಡೂ ಕೂರುವ ಸ್ವಿಂಗ್ ಬಾಕ್ಸಿನ ಹೆಸರು ಫಾರ್ಮ್ಯಾಟೆಡ್ ಟೆಕ್ಸ್ಟ್ ಫೀಲ್ಡ್. ಸುಮ್ನೆ ಬಿಟ್ಟರೆ ಅದರಲ್ಲಿ 'ಕಮಿಟ್ ಆರ್ ರಿವರ್ಟ್' ಅನ್ನುವ ಗುಣ ಇರುತ್ತದೆ. ತಪ್ಪು ಹೊಡೆದರೆ ಸದ್ದಿಲ್ಲದೆ ಹಳೇದನ್ನೇ ವಾಪಸ್ ಕೂರಿಸುತ್ತದೆ. ರೈಟರ್ ಡಾಟ್ ಹಾಕಿ 19.45 ಹೊಡೆಯುತ್ತಾರೆ, ಟ್ಯಾಬ್ ಒತ್ತುತ್ತಾರೆ, ಕಣ್ಣು ಹಾಜರಿಯ ಮಸ್ಟರ್ ಪುಸ್ತಕದ ಮೇಲೆ. ಸ್ಕ್ರೀನಿನಲ್ಲಿ ನಾನೇ ತುಂಬಿಸಿಟ್ಟ 17:00 ಮತ್ತೆ ಬಂದಿರುತ್ತದೆ. ಹನ್ನೊಂದೋ ಹನ್ನೆರಡೋ ಆಳುಗಳ ಎರಡು ವಾರದ ಓವರ್‌ಟೈಮ್ ಕಟ್ಟಾಯಿತು. ಸಂಬಳದ ದಿನ ಗಲಾಟೆ. ತೋಟದವರು ಕೈಯಿಂದ ಕೊಟ್ಟರು, ನನ್ನ ಕೊನೇ ಕಂತಿನಲ್ಲಿ ಆರು ಸಾವಿರ ಹಿಡಿದುಕೊಂಡರು. ನ್ಯಾಯವೇ. ಆದರೂ ಹೊಟ್ಟೆ ಉರಿಯಿತು.

ಆಮೇಲೆ ಇನ್‌ಪುಟ್‌ವೆರಿಫೈಯರ್. ತಪ್ಪಿದ್ದರೆ ಬಾಕ್ಸಿನಿಂದ ಹೊರಗೆ ಬಿಡಬಾರದು ಅಂತ. ಬಿಡಲೇ ಇಲ್ಲ, ಕ್ಯಾನ್ಸಲ್ ಬಟನ್ನಿಗೂ! ಆ ಬಟನ್ನಿಗೆ ವೆರಿಫೈ ಬೇಡ ಅಂತ ಬೇರೆಯಾಗಿ ಹೇಳಬೇಕು, ನಾನು ಮರೆತಿದ್ದೆ. ರೈಟರ್ ಫೋನ್ ಬಂತು: "ಏನಪ್ಪಾ, ಇದು ನನ್ನ ಎದ್ದು ಹೋಗೋಕೂ ಬಿಡ್ತಿಲ್ಲ. ಸ್ವಿಚ್ ಆಫ್ ಮಾಡ್ಲಾ?"

ಮಡಿಕೇರಿಯಿಂದ ಬಸ್ ಹತ್ತಿ ಹೋಗಿ ಅರ್ಧ ದಿನ ಅವರ ಪಕ್ಕ ಕೂತೆ. ಬಲಗೈ ನಂಬರ್ ಪ್ಯಾಡ್ ಬಿಟ್ಟು ಏಳುವುದೇ ಇಲ್ಲ. ಅಲ್ಲಿ ಡಾಟ್ ಇದೆ, ಕೋಲನ್ ಇಲ್ಲ. ಪುಸ್ತಕದಲ್ಲೂ 9.30 ಅಂತಲೇ ಬರೆದಿದ್ದಾರೆ. ನಾವು ಬರೆಯುವುದೂ ಹಾಗೇ ಅಲ್ವಾ?

ಉಲ್ಟಾ ಮಾಡಿದೆ. ಸಾದಾ ಟೆಕ್ಸ್ಟ್ ಫೀಲ್ಡ್, ಹೊಡೆಯುವಾಗ ಯಾವ ತಡೆಯೂ ಇಲ್ಲ. 9.30, 930, 0930, 9:30, ಬರೀ 9, ಎಲ್ಲ ನಡೆಯುತ್ತದೆ. ಬಾಕ್ಸ್ ಬಿಟ್ಟ ಮೇಲೆ ಲೆಕ್ಕ. ನಡುವೆ ಗುರುತಿದ್ದರೆ ಅಲ್ಲಿ ಒಡೆಯುವುದು, ಇಲ್ಲದೆ ಮೂರು ನಾಲ್ಕು ಅಂಕಿ ಇದ್ದರೆ ಕೊನೆಯ ಎರಡು ನಿಮಿಷ. ಗಂಟೆ 23 ದಾಟಬಾರದು, ನಿಮಿಷ 59. ಸರಿಯಿದ್ದರೆ 09:30 ಅಂತ ತಿದ್ದಿ ತೋರಿಸುತ್ತದೆ. ಇಲ್ಲದಿದ್ದರೆ ಹೊಡೆದದ್ದು ಹಾಗೇ ಉಳಿದು ಬಾಕ್ಸ್ ಕೆಂಪಾಗುತ್ತದೆ, ಸೇವ್ ಬಟನ್ ಮಂಕಾಗುತ್ತದೆ. 9.5 ಅಂದರೂ ಕೆಂಪೇ. ಅದು ಒಂಬತ್ತು ಐದೋ, ಒಂಬತ್ತೂವರೆಯೋ ಯಾರಿಗೆ ಗೊತ್ತು?

ಮೈಸೂರಿನ ಗೆಳೆಯನೊಬ್ಬ ನಕ್ಕ. "ಹಾಗೆ ಬಿಟ್ರೆ ಡೇಟಾಬೇಸ್ ಗಬ್ಬೆದ್ದು ಹೋಗುತ್ತೆ ಮಾರಾಯ, ಸ್ಪಿನ್ನರ್ ಹಾಕು." ಸ್ಪಿನ್ನರ್ ಅಂದರೆ ಬಾಣ ಒತ್ತಿ ಅಂಕಿ ಏರಿಸಿ ಇಳಿಸುವ ಬಾಕ್ಸು. 80 ಆಳಿಗೆ ಬಾಣ ಒತ್ತುತ್ತಾ ಕೂರಲು ಅವನೇ ಬರಲಿ. ಮೊದಲು 40 ನಿಮಿಷ ಹಿಡಿಯುತ್ತಿದ್ದ ಕೆಲಸ ಈಗ ಕಾಲು ಗಂಟೆ. ಎರಡು ಕುಯ್ಲು ಕಳೆದಿದೆ, ಒಂದು ತಪ್ಪು ಟೈಮೂ ಒಳಗೆ ಹೋಗಿಲ್ಲ.

ಹುತ್ತರಿ ಕಳೆದು ಕುಯ್ಲು ಜೋರಾದಾಗ ಇನ್ನೊಂದು ತೊಡಕು ಬಂತು. ಅರೇಬಿಕಾ ಹಣ್ಣು ಕುಯ್ದ ದಿನವೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹೋಗಬೇಕು. ಹಾಗಾಗಿ ಅಲ್ಲಿನವರು ಬಂದದ್ದು 16:00, ಹೋದದ್ದು 1:10. ಬರುವ ಮೊದಲೇ ಹೋದದ್ದು ಹೇಗೆ ಅಂತ ನನ್ನ ಪ್ರೋಗ್ರಾಂ ಕೆಂಪು ಕೆಂಪು. ಪಲ್ಪಿಂಗ್ ಕೆಲಸಕ್ಕೆ ಮಾತ್ರ 24 ಗಂಟೆ ಸೇರಿಸಿ ಕಳೆಯುವಂತೆ ಮಾಡಿದೆ. ಬರೀ 5.30 ಹೊಡೆದರೆ ಅದು ಸಂಜೆಯದು ಅಂತ ಹೇಗೆ ತಿಳಿಯುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ತೋಟಕ್ಕೆ ಮಾರಬೇಕಿದೆ.

ಒಂದು ರಾತ್ರಿ ಕರೆಂಟ್ ಬಂದ ಖುಷಿಗೆ ಕನ್ನಡ ಅಂಕಿ ಹೊಡೆದು ನೋಡಿದೆ. ಹೊಡೆದದ್ದನ್ನು ಸಂಖ್ಯೆ ಮಾಡುವ ಜಾವಾದ ಪಾರ್ಸ್‌ಇಂಟ್ ೧೨ ಅನ್ನು ಆರಾಮಾಗಿ 12 ಮಾಡಿತು! ಅಕ್ಷರಗಳ ಮಾದರಿ ಹೊಂದಿಸಿ ನೋಡುವ ರೆಜೆಕ್ಸಿನಲ್ಲಿ ಅಂಕಿಗೆ ಗುರುತಾದ ಬ್ಯಾಕ್‌ಸ್ಲ್ಯಾಶ್ ಡಿ ಮಾತ್ರ ಒಪ್ಪಲಿಲ್ಲ. ರೆಜೆಕ್ಸ್ ಬಿಸಾಕಿ ಅಕ್ಷರ ಅಕ್ಷರ ನೋಡುವ ಲೂಪ್ ಬರೆದೆ. ಯಾರೂ ಬಳಸುವುದಿಲ್ಲ, ಇರಲಿ.

ಈಗ ಕಾಳುಮೆಣಸಿನ ತೂಕದ ಬಾಕ್ಸಿಗೂ ಇದನ್ನೇ ಹಾಕು ಅಂತ ರೈಟರ್ ಹಿಂದೆ ಬಿದ್ದಿದ್ದಾರೆ. ಅಲ್ಲಿ 9.5 ಅಂದರೆ ಒಂಬತ್ತೂವರೆ ಕಿಲೋನೇ.