ಅರ್ಧ ನಿಮಿಷ ಸಾಕು, ಸಬ್‌ಟೈಟಲ್ ಬೇಡ: ಪರಭಾಷೆಗೆ ಕಿವಿ ಪಳಗಿಸುವುದು ಹೇಗೆ

ಮಂಗಳೂರಿನ ಕಂಕನಾಡಿ ಕಡೆ ಒಂದು ಸಣ್ಣ ರೂಮಿನಲ್ಲಿ ಸಂಜೆ ಹೊತ್ತು ನಾನು ಜರ್ಮನ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮುಗಿಸಿದವರು. ಜರ್ಮನಿಯಲ್ಲಿ ನರ್ಸ್ ಆಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು (ಎ1, ಎ2, ಬಿ1, ಬಿ2, ಸಿ1, ಸಿ2 ಎನ್ನುವ ಆರು ಮೆಟ್ಟಿಲಿನಲ್ಲಿ ನಾಲ್ಕನೆಯದು). ಪ್ರತಿ ಬ್ಯಾಚಿನಲ್ಲೂ ಒಂದೇ ಕತೆ. ವ್ಯಾಕರಣ ಚೆನ್ನಾಗಿ ಕಲಿತವರು, ಚಂದವಾಗಿ ಪತ್ರ ಬರೆಯುವವರು, ಆಡಿಯೋ ಹಾಕಿದ ಕೂಡಲೇ ಪೆನ್ನು ಕೆಳಗಿಡುತ್ತಾರೆ. "ತುಂಬಾ ಸ್ಪೀಡ್ ಉಂಟು ಟೀಚರ್." ಮನೆಯಲ್ಲಿ ಕೇಳುವುದಿಲ್ವಾ ಎಂದರೆ, "ದಿನಾ ಎರಡು ಗಂಟೆ ಕೇಳ್ತೇನೆ ಟೀಚರ್" ಎನ್ನುತ್ತಾರೆ. ಹೇಗೆ ಕೇಳುತ್ತಾರೆ? ಅಡುಗೆ ಮಾಡುತ್ತಾ, ಬಸ್ಸಿನಲ್ಲಿ ಕೂತು, ಮಲಗುವ ಮುಂಚೆ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು.

ಸಬ್‌ಟೈಟಲ್ ಇದ್ದಾಗ ಕೆಲಸ ಮಾಡುವುದು ಕಣ್ಣು. ಕಿವಿ ರಜೆಯಲ್ಲಿರುತ್ತದೆ. ಎರಡು ಗಂಟೆ ಹೀಗೆ ಕೇಳುವ ಬದಲು ಅರ್ಧ ನಿಮಿಷದ ಮಾತನ್ನು ಇಪ್ಪತ್ತು ನಿಮಿಷ ಕೂತು ಬಿಡಿಸಿ ಕೇಳಿ. ಕಿವಿ ಎಲ್ಲಿ ತಪ್ಪುತ್ತದೆ ಎನ್ನುವುದು ಗೊತ್ತಾದರೆ ಮಾತ್ರ ಅದನ್ನು ಸರಿ ಮಾಡಬಹುದು. ನಾನು ಜರ್ಮನ್ ಉದಾಹರಣೆ ಕೊಡುತ್ತೇನೆ. ಫ್ರೆಂಚ್, ಜಪಾನೀಸ್ ಕಲಿಯುವವರಿಗೂ ದಾರಿ ಇದೇ.

ಏನೇನು ಬೇಕು

ಫೋನ್, ಒಂದು ಪುಸ್ತಕ, ಪೆನ್ಸಿಲ್, ವೈರ್ ಇರುವ ಇಯರ್‌ಫೋನ್. ವೈರ್ ಇರಲೇಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣ ಇದೆ. ಅಗ್ಗದ ಬ್ಲೂಟೂತ್ ಇಯರ್‌ಬಡ್‌ಗಳಲ್ಲಿ ಕೆಲವು, ನಿಲ್ಲಿಸಿ ಮತ್ತೆ ಪ್ಲೇ ಒತ್ತಿದಾಗ ಮೊದಲ ಒಂದು ಕ್ಷಣದ ಸದ್ದನ್ನು ನುಂಗಿಬಿಡುತ್ತವೆ. ನಮ್ಮ ಅಭ್ಯಾಸದಲ್ಲಿ ನಿಲ್ಲಿಸಿ ಕೇಳುವುದೇ ಜಾಸ್ತಿ. ಮೊದಲ ಅಕ್ಷರ ಹೋದರೆ ಇಡೀ ಪದ ಹೋಯಿತು.

ಹಂತ 1: ಆಡಿಯೋ ಆರಿಸಿ

ಒಂದು ನಿಮಿಷದ ಆಸುಪಾಸಿನದ್ದು ಸಾಕು. ಆದರೆ ಅದರಲ್ಲಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ಬರಹದಲ್ಲಿ ಸಿಗಬೇಕು. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗಯಟೆ ಇನ್‌ಸ್ಟಿಟ್ಯೂಟ್‌ನ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಉಚಿತವಾಗಿವೆ, ಆಡಿಯೋ ಮತ್ತು ಅದರ ಬರಹ ಎರಡೂ ಸಿಗುತ್ತವೆ. ಜರ್ಮನಿಯ ಸುದ್ದಿ ಸಂಸ್ಥೆ ಡಾಯ್ಚೆ ವೆಲೆಯ ನಿಧಾನವಾಗಿ ಓದುವ ಜರ್ಮನ್ ಸುದ್ದಿಯೂ ಬರಹದ ಜೊತೆ ಬರುತ್ತದೆ. ಶುರುವಿನ ತಿಂಗಳುಗಳಿಗೆ ಇದು ಒಳ್ಳೆಯದು. ಬಿ1 ದಾಟಿದ ಮೇಲೆ ಬಿಟ್ಟುಬಿಡಿ, ವಾರ್ಡಿನಲ್ಲಿ ಯಾರೂ ಅಷ್ಟು ನಿಧಾನ ಮಾತಾಡುವುದಿಲ್ಲ.

ಬರಹದ ಮೊದಲ ನಾಲ್ಕು ಸಾಲು ಮಾತ್ರ ಓದಿ ನೋಡಿ. ಸಾಲಿಗೆ ಒಂದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಇದ್ದರೆ ಬೇರೆ ಆಡಿಯೋ ತೆಗೆದುಕೊಳ್ಳಿ. ಓದಿಯೇ ಅರ್ಥ ಆಗದ್ದು ಕೇಳಿದರೆ ಅರ್ಥ ಆಗುತ್ತದಾ?

ಮೂರು ವಿಷಯ ಬೇಡ. ಯೂಟ್ಯೂಬ್ ತಾನಾಗಿ ಹಾಕುವ ಸಬ್‌ಟೈಟಲ್‌ಗಳನ್ನು ಬರಹ ಎಂದು ನಂಬಬೇಡಿ, ಮನುಷ್ಯ ನುಂಗಿದ್ದನ್ನು ಯಂತ್ರ ತುಂಬಿ ಬರೆಯುತ್ತದೆ, ಕೆಲವನ್ನು ಬಿಟ್ಟೇಬಿಡುತ್ತದೆ. ಕಂಪ್ಯೂಟರ್ ದನಿಯ ಪಾಠಗಳು ಬೇಡ, ಅವು ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಉಚ್ಚರಿಸುತ್ತವೆ. "ನಿದ್ದೆಯಲ್ಲೇ ಭಾಷೆ ಕಲಿಯಿರಿ" ಎನ್ನುವ ಎಂಟು ಗಂಟೆಯ ಆಡಿಯೋಗಳಿಗೆ ದುಡ್ಡು ಕೊಡಬೇಡಿ. ರಾತ್ರಿ ನಿದ್ದೆ ಮಾಡಿ, ಬೆಳಿಗ್ಗೆ ಕೇಳಿ.

ಹಂತ 2: ಕೇಳುವ ಮುಂಚೆ ಊಹಿಸಿ

ಉಡುಪಿಯಿಂದ ಮಂಗಳೂರಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಕೂಗುವುದನ್ನು ನೆನಪಿಸಿಕೊಳ್ಳಿ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಲ್ಲ ಒಂದೇ ಉಸಿರಿನಲ್ಲಿ ಅಂಟಿಕೊಂಡು ಬರುತ್ತವೆ. ಘಟ್ಟದ ಮೇಲಿಂದ ಹೊಸದಾಗಿ ಬಂದವರಿಗೆ ಅದು ಬರೀ ಗದ್ದಲ. ನಮಗೆ ನಾಲ್ಕೂ ಊರು ಬೇರೆ ಬೇರೆ ಕೇಳಿಸುತ್ತವೆ. ನಮ್ಮ ಕಿವಿ ಅವರಿಗಿಂತ ಚುರುಕು ಎಂದಲ್ಲ, ಯಾವ ಹೆಸರು ಬರಬಹುದು ಎನ್ನುವುದು ನಮಗೆ ಮೊದಲೇ ಗೊತ್ತು.

ಆದ್ದರಿಂದ ಪ್ಲೇ ಒತ್ತುವ ಮೊದಲು ಒಂದು ನಿಮಿಷ ತೆಗೆದುಕೊಳ್ಳಿ. ಆಡಿಯೋ ತಲೆಬರಹ "ಡಾಕ್ಟರ ಹತ್ತಿರ" ಎಂದಿದ್ದರೆ ನೋವು, ಜ್ವರ, ಮಾತ್ರೆ, ಊಟದ ಮುಂಚೆ, ದಿನಕ್ಕೆ ಎಷ್ಟು ಸಲ ಎನ್ನುವ ಹತ್ತು ಪದಗಳನ್ನು ಜರ್ಮನ್‌ನಲ್ಲಿ ಬರೆದಿಡಿ.

ಹಂತ 3: ನಿಲ್ಲಿಸದೆ ಎರಡು ಸಲ ಕೇಳಿ

ಯಾರು ಯಾರಿಗೆ ಯಾಕೆ ಹೇಳುತ್ತಿದ್ದಾರೆ ಎನ್ನುವುದಷ್ಟೇ ಸಾಕು.

ಹಂತ 4: ಅರ್ಧ ನಿಮಿಷವನ್ನು ಬರೆದು ತೆಗೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಬರೆಯುವುದು ಬೇಜಾರಿನ ಕೆಲಸ ಎಂದು ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ, ಇಡೀ ಅಭ್ಯಾಸದ ಜೀವ ಇದರಲ್ಲಿದೆ.

ಮೊದಲ ಅರ್ಧ ನಿಮಿಷವನ್ನು ಮಾತ್ರ ಹಿಡಿಯಿರಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಕೇಳಿಸಿದ್ದನ್ನು ಬರೆಯಿರಿ. ಒಂದೊಂದು ಪದಕ್ಕೆ ನಿಲ್ಲಿಸಬೇಡಿ, ಒಂದು ಪೂರ್ತಿ ವಾಕ್ಯ ತಲೆಯಲ್ಲಿ ನಿಲ್ಲುವುದೂ ಅಭ್ಯಾಸದ ಭಾಗವೇ. ಕೇಳಿಸದ ಜಾಗದಲ್ಲಿ ಒಂದು ಗೆರೆ ಎಳೆಯಿರಿ. ಏನೋ ಕೇಳಿಸಿತು, ಪದ ಗೊತ್ತಾಗಲಿಲ್ಲ ಎಂದರೆ ಆ ಸದ್ದನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಜರ್ಮನ್ ಸ್ಪೆಲ್ಲಿಂಗ್‌ನಲ್ಲಿ ಬರೆಯಲು ಹೋದರೆ ನೀವು ಕೇಳಿದ್ದನ್ನು ಬಿಟ್ಟು, ಇರಬೇಕಾದದ್ದನ್ನು ಬರೆಯುತ್ತೀರಿ.

ಒಂದು ವಾಕ್ಯಕ್ಕೆ ಐದು ಸಲ, ಅದಕ್ಕಿಂತ ಜಾಸ್ತಿ ಬೇಡ. ಐದು ಸಲಕ್ಕೂ ಸಿಗದ್ದು ಐವತ್ತು ಸಲಕ್ಕೂ ಸಿಗುವುದಿಲ್ಲ. ಆಡಿಯೋ ನಿಧಾನ ಮಾಡುವುದೂ ಬೇಡ. ಮಾತಾಡಿದವನು ಅಕ್ಷರವನ್ನೇ ನುಂಗಿದ್ದರೆ ವೇಗ ತಗ್ಗಿಸಿದರೆ ಅದು ವಾಪಸು ಬರುತ್ತದಾ? ಉಳಿದದ್ದು ರಬ್ಬರಿನ ಹಾಗೆ ಉದ್ದ ಆಗುತ್ತದೆ, ಅಷ್ಟೇ.

ಕಳೆದ ಮಳೆಗಾಲದ ಬ್ಯಾಚಿನಲ್ಲಿ ಒಬ್ಬಳು ಹುಡುಗಿ ಹೀಗೆ ಬರೆದು ತಂದಳು. ಪುಸ್ತಕದ ನಡುವೆ ದೊಡ್ಡದಾಗಿ "ಹಾಮ್ಜೀ" ಎಂದಿತ್ತು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ.

"ಹಾಮ್ಜೀ ಅಂದ್ರೆ ಎಂತ ಟೀಚರ್? ಡಿಕ್ಷನರಿಯಲ್ಲಿ ಇಲ್ಲ."

"ಬರಹ ತೆಗೆದು ನೋಡಿ."

ನೋಡಿದಳು. ಅಲ್ಲಿದ್ದದ್ದು "ಹಾಬನ್ ಜೀ ಶ್ಮೆರ್ತ್ಸನ್", ಅಂದರೆ "ನಿಮಗೆ ನೋವು ಇದೆಯಾ". ಅವಳು ಮೊದಲ ವಾರವೇ ಕಲಿತ ಪದ. ನೂರು ಸಲ ಬರೆದಿದ್ದಳು. ಆದರೆ ಮಾತಿನಲ್ಲಿ "ಹಾಬನ್" ಕುಗ್ಗಿ "ಹಾಮ್" ಆಗುತ್ತದೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ಸದ್ದನ್ನು ಕನ್ನಡದಲ್ಲಿ ಬರೆದುಕೊಂಡದ್ದರಿಂದಲೇ ಅದು ಸಿಕ್ಕಿಬಿತ್ತು. ಮರುದಿನದಿಂದ ಎಲ್ಲ ಆಡಿಯೋದಲ್ಲೂ ಅವಳಿಗೆ "ಹಾಮ್" ಕೇಳಿಸತೊಡಗಿತು.

ನಾವೂ ಹೀಗೇ ಮಾತಾಡುತ್ತೇವೆ. "ಮಾಡಿಕೊಂಡು ಬರುತ್ತೇನೆ" ಎಂದು ಬರೆಯುತ್ತೇವೆ, ಹೇಳುವಾಗ "ಮಾಡ್ಕೊಂಡ್ ಬರ್ತೇನೆ". ಪುಸ್ತಕದಿಂದ ಮಾತ್ರ ಕನ್ನಡ ಕಲಿತ ಹೊರಗಿನವರು ಎರಡನ್ನು ಒಂದೇ ಎಂದು ಹೇಗೆ ಗುರುತಿಸಬೇಕು, ಹೇಳಿ.

ಹಂತ 5: ತಪ್ಪುಗಳನ್ನು ಮೂರು ಗುಂಪು ಮಾಡಿ

ಈಗ ಬರಹ ತೆರೆದು ಹೋಲಿಸಿ. ಪ್ರತಿ ತಪ್ಪಿನ ಪಕ್ಕ 1, 2 ಅಥವಾ 3 ಎಂದು ಬರೆಯಿರಿ. ಮೂರಕ್ಕೂ ಮದ್ದು ಬೇರೆ.

ಒಂದನೆಯದು, ಆ ಪದವೇ ಗೊತ್ತಿರಲಿಲ್ಲ. ಬರೆದುಕೊಂಡು ಕಲಿಯಿರಿ, ಮುಗಿಯಿತು.

ಎರಡನೆಯದು, ಪದ ಗೊತ್ತಿತ್ತು, ಕೇಳಿಸಲಿಲ್ಲ. ಹಾಮ್ಜೀ ಈ ಗುಂಪಿಗೆ ಸೇರಿದ್ದು. ಇಂಥವಕ್ಕೆ ಪುಸ್ತಕದ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇಡಿ: ಎಡಕ್ಕೆ ಕಿವಿಗೆ ಬಿದ್ದ ಸದ್ದು, ಬಲಕ್ಕೆ ಬರಹದ ರೂಪ. ಒಂದು ತಿಂಗಳಲ್ಲಿ ನಲವತ್ತು, ಐವತ್ತು ಆಗುತ್ತವೆ. ಆ ಪಟ್ಟಿ ಅಂಗಡಿಯಲ್ಲಿ ಸಿಗುವ ಯಾವ ಪುಸ್ತಕಕ್ಕಿಂತಲೂ ನಿಮಗೆ ಹೆಚ್ಚು ಉಪಯೋಗ.

ಇದೇ ಗುಂಪಿನಲ್ಲಿ ಇನ್ನೊಂದು ಜಾತಿ ಉಂಟು: ಎರಡು ಸದ್ದು ಕಿವಿಗೆ ಒಂದೇ ಆಗಿ ಕೇಳುವುದು. ತುಳು ಬಲ್ಲವರಿಗೆ ಇದನ್ನು ಸುಲಭವಾಗಿ ಹೇಳಬಹುದು. "ಯಾನ್ ಬತ್ತೆ" ಮತ್ತು "ಆಯೆ ಬತ್ತೆ". ನಾನು ಬಂದೆ, ಅವನು ಬಂದ. ಎರಡು "ಬತ್ತೆ"ಯ ಕೊನೆಯ ಸ್ವರ ಒಂದೇ ಅಲ್ಲ. ನಾನು ಬಂದೆ ಎನ್ನುವಾಗ ಬಾಯಿ ಹೆಚ್ಚು ತೆರೆದುಕೊಳ್ಳುತ್ತದೆ. ಕನ್ನಡ ಲಿಪಿಯಲ್ಲಿ ಸಾಮಾನ್ಯವಾಗಿ ಎರಡನ್ನೂ ಒಂದೇ ಥರ ಬರೆಯುತ್ತೇವೆ. ಇಲ್ಲಿ ಹುಟ್ಟಿದ ಮಗುವಿಗೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಶಿವಮೊಗ್ಗದಿಂದ ಬಂದು ಹತ್ತು ವರ್ಷ ಆದವರೂ ತಡವರಿಸುವುದನ್ನು ನೋಡಿದ್ದೇನೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ 1886ರಲ್ಲಿ ತುಳು ನಿಘಂಟು ತಂದ ಪಾದ್ರಿ ಮ್ಯಾನರ್ ಜರ್ಮನಿಯವರು. ಅವರ ಕೈಯಲ್ಲಿ ರೆಕಾರ್ಡರ್ ಇರಲಿಲ್ಲ. ಇನ್ನೊಮ್ಮೆ ಕೇಳಬೇಕಾದರೆ ಎದುರಿಗಿದ್ದವರ ಹತ್ತಿರ ಇನ್ನೊಮ್ಮೆ ಹೇಳಿಸಬೇಕಿತ್ತು. ನಮಗೆ ಒಂದು ಬಟನ್ ಇದೆ.

ಜರ್ಮನ್‌ನಲ್ಲಿ ನಮಗೆ ಕಷ್ಟ ಕೊಡುವ ಜೋಡಿ "ಶೋನ್" ಮತ್ತು "ಶ್ಯೋನ್". ಮೊದಲನೆಯದು "ಆಗಲೇ", ಎರಡನೆಯದು "ಚಂದ". ನಾನು ಬರೆದ "ಶ್ಯೋ" ಸರಿಯಾದ ಸದ್ದಲ್ಲ, ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ. ತುಟಿಯನ್ನು "ಓ" ಎನ್ನುವ ಹಾಗೆ ದುಂಡಗೆ ಮಾಡಿ, ಹಾಗೇ ಇಟ್ಟುಕೊಂಡು "ಏ" ಎನ್ನಿ. ಬಂತು. ಈಗ ಡಿಕ್ಷನರಿ ಆ್ಯಪ್‌ನಲ್ಲಿ ಎರಡೂ ಪದದ ಉಚ್ಚಾರ ತೆಗೆದು ಫೋನನ್ನು ಮನೆಯಲ್ಲಿ ತಂಗಿಗೋ ತಮ್ಮನಿಗೋ ಕೊಡಿ. ಅವರಿಗೆ ಬೆನ್ನು ಹಾಕಿ ಕೂರಿ. ಅವರು ಮನಸ್ಸಿಗೆ ಬಂದ ಹಾಗೆ ಇಪ್ಪತ್ತು ಸಲ ಒತ್ತಲಿ, ನೀವು ಯಾವುದು ಎಂದು ಹೇಳಿ. ಹದಿನೆಂಟು ಸರಿಯಾಗುವ ತನಕ ದಿನಾ ಮಾಡಿ. ಉದ್ದ ಸ್ವರ, ಗಿಡ್ಡ ಸ್ವರದ ಜೋಡಿಗಳಿಗೆ ಇಷ್ಟು ಕಷ್ಟ ಪಡಬೇಕಾಗಿಲ್ಲ. ಅದು ಕನ್ನಡದಲ್ಲೇ ಇದೆ.

ಮೂರನೆಯ ಗುಂಪು, ಎಲ್ಲ ಪದವೂ ಕೇಳಿಸಿತು, ಅರ್ಥ ಮಾತ್ರ ತಪ್ಪಿತು. ಇದು ಬಿ1 ದಾಟಿದವರ ಕಾಯಿಲೆ. ಕಾರಣ ಹೆಚ್ಚಿನ ಸಲ ಒಂದೇ, ತಲೆಯೊಳಗೆ ಇಂಗ್ಲಿಷಿಗೆ ಅನುವಾದ ಮಾಡುವುದು. ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬಂದುಬಿಡುತ್ತದೆ. ಜರ್ಮನ್‌ನಲ್ಲಿ ಅದು, ಅಥವಾ ಅದರ ಒಂದು ತುಂಡು, ಎಷ್ಟೋ ಸಲ ಕೊನೆಗೆ ಬರುತ್ತದೆ. "ಇಶ್ ರೂಫ ಜೀ ಮೋರ್ಗನ್ ಅನ್" ಎಂದರೆ "ನಾಳೆ ನಿಮಗೆ ಫೋನ್ ಮಾಡುತ್ತೇನೆ". ಕೊನೆಯ ಆ ಪುಟ್ಟ "ಅನ್" ಬಂದ ಮೇಲೆ ಫೋನ್ ಎನ್ನುವುದು ಖಾತ್ರಿ. ಇಂಗ್ಲಿಷ್ ತಲೆ ಅಷ್ಟು ಹೊತ್ತಿಗೆ ಕೇಳುವುದನ್ನು ಬಿಟ್ಟಿರುತ್ತದೆ.

ಕನ್ನಡದ ತಲೆ ಬಿಡುವುದಿಲ್ಲ. "ಡಾಕ್ಟರ್ ಬರುವ ಮುಂಚೆ ಆ ಮಾತ್ರೆ ಕೊಡ..." ಎನ್ನುವಲ್ಲಿ ಯಾರಾದರೂ ನಿಲ್ಲಿಸಿದರೆ ಏನು ಮಾಡುತ್ತೀರಿ? ಕಾಯುತ್ತೀರಿ. ಕೊಡಬೇಕೋ, ಕೊಡಬಾರದೋ ಎನ್ನುವುದು ಕೊನೆಯಲ್ಲಿದೆ ಎಂದು ನಿಮಗೆ ಹುಟ್ಟಿನಿಂದ ಗೊತ್ತು. ಆ ಕಾಯುವ ಅಭ್ಯಾಸವನ್ನು ಜರ್ಮನ್‌ಗೆ ತನ್ನಿ. ಅರ್ಥ ಬರೆಯುವಾಗ ಕನ್ನಡದಲ್ಲಿ ಬರೆಯಿರಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಬರೆಯಿರಿ. ನನ್ನ ಕ್ಲಾಸಿನಲ್ಲಿ ಇಂಗ್ಲಿಷ್ ಅರ್ಥ ಬರೆದರೆ ನಾನು ಒಪ್ಪುವುದಿಲ್ಲ.

ಹಂತ 6: ಜೊತೆಗೆ ಹೇಳಿ

ಆಡಿಯೋ ಹಾಕಿ, ಅರ್ಧ ಪದ ಹಿಂದೆ ಇದ್ದುಕೊಂಡು ಅವರ ಹಾಗೇ ಹೇಳಿ. ಅವರು ನುಂಗಿದಲ್ಲಿ ನೀವೂ ನುಂಗಿ. ಬಾಯಿಗೆ ಬಂದ ಸದ್ದು ಕಿವಿಗೆ ಬೇಗ ಸಿಗುತ್ತದೆ. ಐದು ಸಲ ಸಾಕು.

ಹಂತ 7: ಮರುದಿನ ಬರಹ ನೋಡದೆ ಒಮ್ಮೆ ಕೇಳಿ, ನಂತರ ಹೊಸ ಆಡಿಯೋಗೆ ಹೋಗಿ.

ಸಂಖ್ಯೆ ಮತ್ತು ಗಂಟೆಗೆ ಬೇರೆ ಐದು ನಿಮಿಷ

ಇವನ್ನು ಮೇಲಿನ ಹಂತಗಳಲ್ಲಿ ಸೇರಿಸಬೇಡಿ, ದಿನಾ ಪ್ರತ್ಯೇಕವಾಗಿ ಮಾಡಿ. ಜರ್ಮನ್‌ನಲ್ಲಿ ಇಪ್ಪತ್ತನಾಲ್ಕಕ್ಕೆ "ನಾಲ್ಕು ಮತ್ತು ಇಪ್ಪತ್ತು" ಎನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಕೈ ತಾನಾಗಿ ನಾಲ್ಕನ್ನು ಮೊದಲು ಬರೆಯುತ್ತದೆ. ಹದಿನೇಳು "ಜೀಪ್‌ತ್ಸೇನ್", ಎಪ್ಪತ್ತು "ಜೀಪ್‌ತ್ಸಿಶ್". ಮದ್ದಿನ ಪ್ರಮಾಣದಲ್ಲಿ ಈ ತಪ್ಪು ಆದರೆ ಏನಾಗಬಹುದು ಎಂದು ನರ್ಸ್‌ಗಳಿಗೆ ನಾನು ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು "ಹಲ್ಪ್". "ಹಲ್ಪ್ ತ್ಸೇನ್", ಪದಕ್ಕೆ ಪದ ಇಟ್ಟರೆ "ಅರ್ಧ ಹತ್ತು". ನಮ್ಮ ಕಿವಿ ಅದನ್ನು ಹತ್ತೂವರೆ ಎಂದು ಹಿಡಿಯುತ್ತದೆ. ಅವರು ಹೇಳಿದ್ದು ಒಂಬತ್ತೂವರೆ, ಹತ್ತನೆಯ ಗಂಟೆಯಲ್ಲಿ ಅರ್ಧ ಕಳೆಯಿತು ಎನ್ನುವ ಲೆಕ್ಕ. ಹಾಮ್ಜೀ ಹಿಡಿದ ಹುಡುಗಿಗೆ ಬೇಸಿಗೆಯಲ್ಲಿ ಅಲ್ಲಿನ ಒಂದು ಆಸ್ಪತ್ರೆಯಿಂದ ಫೋನ್ ಬಂತು. ವಿಡಿಯೋ ಸಂದರ್ಶನ, ಹಲ್ಪ್ ತ್ಸೇನ್. ನಮ್ಮ ಗಂಟೆಯಲ್ಲಿ ಮಧ್ಯಾಹ್ನ ಒಂದು. ಇವಳು ಎರಡು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಸೀರೆಯ ನೆರಿಗೆ ಸರಿ ಮಾಡಿ ಕೂತಿದ್ದಳು. ಆ ಕಡೆ ಯಾರೂ ಇರಲಿಲ್ಲ. ನಾನು ಈ ಅಭ್ಯಾಸವನ್ನು ಕ್ಲಾಸಿನಲ್ಲಿ ಮೊದಲೇ ಮಾಡಿಸಬೇಕಿತ್ತು. ಆ ದಿನದಿಂದ ಒಂದು ಕ್ಲಾಸಿನಲ್ಲೂ ಇದನ್ನು ಬಿಟ್ಟಿಲ್ಲ.

ಮಾಡುವ ವಿಧಾನ ಸರಳ. ಒಬ್ಬರು ಗಂಟೆ ಹೇಳಬೇಕು, ಇನ್ನೊಬ್ಬರು ಗಡಿಯಾರದ ಮುಳ್ಳು ಬಿಡಿಸಬೇಕು. ಅಂಕಿ ಬರೆಯಬಾರದು, ಮುಳ್ಳೇ ಬಿಡಿಸಬೇಕು.

ಪರೀಕ್ಷೆ ಹತ್ತಿರ ಬಂದಾಗ

ಗಯಟೆಯ ಬಿ1 ಪರೀಕ್ಷೆಯಲ್ಲಿ ಕೇಳುವ ಭಾಗ ಸುಮಾರು 40 ನಿಮಿಷ, ನಾಲ್ಕು ತುಂಡು. ಒಂದನೆಯದನ್ನೂ ನಾಲ್ಕನೆಯದನ್ನೂ ಎರಡು ಸಲ ಹಾಕುತ್ತಾರೆ, ನಡುವಿನ ಎರಡನ್ನು ಒಂದೇ ಸಲ. ಪಾಸಾಗಲು ನೂರಕ್ಕೆ 60 ಬೇಕು. ಕೊನೆಯ ಎರಡು ವಾರ ಬರೆಯುವ ಅಭ್ಯಾಸವನ್ನು ಕಡಿಮೆ ಮಾಡಿ, ಮಾದರಿ ಪತ್ರಿಕೆಯನ್ನು ನಿಲ್ಲಿಸದೆ, ಇಯರ್‌ಫೋನ್ ತೆಗೆದು ಸ್ಪೀಕರಿನಲ್ಲಿ ಹಾಕಿ ಕೇಳಿ. ಫ್ಯಾನ್ ತಿರುಗಲಿ, ಹೊರಗೆ ಮಳೆ ಬರಲಿ. ಒಂದು ಪ್ರಶ್ನೆ ತಪ್ಪಿದರೆ ಅದನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಿ. ಹೋದ ಪ್ರಶ್ನೆಯನ್ನು ಯೋಚಿಸುತ್ತಾ ಮುಂದಿನ ಎರಡನ್ನು ಕಳೆದುಕೊಂಡವರೇ ಜಾಸ್ತಿ.

ಪರೀಕ್ಷೆಯ ಹೊರಗೆ, ಫೋನಿನಲ್ಲಿ, ಎದುರಿಗೆ, ಕೇಳಿಸದಿದ್ದರೆ "ವೀ ಬಿಟ್ಟೆ?" ಎನ್ನಿ. "ಏನೆಂದಿರಿ" ಎಂದು ಅರ್ಥ, ಮರ್ಯಾದೆಯ ಮಾತೇ. ಕೇಳಿಸಿದ್ದರೂ ಗಂಟೆ, ಸಂಖ್ಯೆ, ಹೆಸರು ಬಂದಲ್ಲೆಲ್ಲ ನಿಮ್ಮ ಬಾಯಲ್ಲಿ ಬೇರೆ ರೀತಿಯಲ್ಲಿ ತಿರುಗಿ ಹೇಳಿ. ಆ ಹುಡುಗಿಗೆ ಮುಂದಿನ ತಿಂಗಳು ಇನ್ನೊಂದು ಆಸ್ಪತ್ರೆಯ ಫೋನ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯವರು ಹಲ್ಪ್ ಎಲ್ಫ್ ಎಂದರು, ಎಲ್ಫ್ ಅಂದರೆ ಹನ್ನೊಂದು. ಇವಳು ಪೆನ್ಸಿಲ್‌ನಿಂದ ಅಂಗೈ ಅಗಲದ ಗಡಿಯಾರ ಬಿಡಿಸಿ, ಮುಳ್ಳು ಹಾಕಿ, "ತ್ಸೇನ್ ಊರ್ ಡ್ರೈಸಿಶ್?" ಎಂದು ಕೇಳಿದಳು. ಹತ್ತು ಗಂಟೆ ಮೂವತ್ತು ನಿಮಿಷ? "ಗೆನಾವ್" ಎಂದರು. ಹೌದು, ಅಷ್ಟೇ ಗಂಟೆ.